ಪುತ್ಥಳಿಯೂ ಸವರನ್ನೂ

ಅಪ್ಪಟವಾದ ಬಂಗಾರಕ್ಕೆ ಕನ್ನಡದಲ್ಲಿ ಪುತ್ಥಳಿ ಚಿನ್ನವೆಂಬ ಮಾತುಂಟು. ಪುತ್ಥಳಿಯೆಂದರೆ ಬೊಂಬೆ. ಆ ಹೆಸರಿನ ನಾಣ್ಯವೊಂದು ಪೂರ್ವದಲ್ಲಿ ಪ್ರಚಾರದಲ್ಲಿದ್ದಿತು. ಅದರ ಮೂಲವು ಸಮುದ್ರದಾಚೆಯ ವೆನಿಸ್ ಪಟ್ಟಣ. ಅಲ್ಲಿ 1284ರಲ್ಲಿ ಟಂಕಿಸಲಾರಂಭಿಸಿದ ಡ್ಯುಕಟ್ ಎಂಬ ನಾಣ್ಯವು ಸುಮಾರು ಮೂರೂವರೆ ಗ್ರಾಮಿನದು. 1797ರಲ್ಲಿ ಆ ಗಣರಾಜ್ಯವು ಅಳಿಯುವವರೆಗೂ ಅದರ ತೂಕವೂ ಬಣ್ಣವೂ ಕೆಡಲಿಲ್ಲ. ಆದುದರಿಂದಲೇ ಮೆಣಸಿನ ವರ್ತಕರು ಅದನ್ನು ನಂಬಿದರು.

ಅದರ ಒಂದು ಮುಖದಲ್ಲಿ ಸಂತ ಮಾರ್ಕನಿಂದ ಧ್ವಜವನ್ನು ಪಡೆಯುವ ದೊರೆ, ಇನ್ನೊಂದರಲ್ಲಿ ನಕ್ಷತ್ರಮಧ್ಯಸ್ಥನಾದ ಕ್ರಿಸ್ತ. ನಮ್ಮ ಅಕ್ಕಸಾಲೆಗಳು ಇದನ್ನು ಅನುಕರಿಸಿದಾಗ ಲ್ಯಾಟಿನ್ ಅಕ್ಷರಗಳು ಬರಿಯ ಗೀಟುಗಳಾದುವು. ಧ್ವಜದ ಇಕ್ಕೆಲದ ಆಕೃತಿಗಳು ಜನರ ಕಣ್ಣಿಗೆ ಸೀತಾರಾಮರಾದರು.

ಪರದೇಶದ ಹೊನ್ನನ್ನು ಒಡವೆಯಾಗಿ ಧರಿಸುವುದು ಇನ್ನೂ ಪ್ರಾಚೀನವಾದ ರೂಢಿ. ದಕ್ಷಿಣದೇಶದಲ್ಲಿ ದೊರೆತ ಬೈಜಾಂಟಿಯಮ್ಮಿನ ಚಿನ್ನದ ನಾಣ್ಯಗಳಲ್ಲಿ ಅನೇಕಕ್ಕೆ ಚಕ್ರವರ್ತಿಯ ತಲೆಯ ಮೇಲೆ ಎರಡು ರಂಧ್ರಗಳಿರುವುವು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿಯೂ ಅಂತಹ ನಾಣ್ಯಗಳ ನಿಧಿ ದೊರೆತಿರುವುದು.

ಬೆಂಗಳೂರಿನಲ್ಲಿ ಚಾಮರಾಜಪೇಟೆಯು 1892ರಲ್ಲಿಯೂ, ಬಸವನಗುಡಿ ಮಲ್ಲೇಶ್ವರಗಳು 1898ರ ಪ್ಲೇಗಿನ ತರುವಾಯವೂ ಬೆಳೆದುವು. 1899ರ ಕಾನೂನು ಇಂಗ್ಲೆಂಡಿನ ಸವರನ್ನಿಗೆ 15 ರೂಪಾಯಿಯ ಬೆಲೆಯನ್ನು ಕಟ್ಟಿ ಅದನ್ನು ಸಲುವ ನಾಣ್ಯವನ್ನಾಗಿ ಮಾಡಿತು. 1918ರಲ್ಲಿ ಮುಂಬಯಿಯ ಟಂಕಸಾಲೆಯಲ್ಲಿಯೂ ಅದು ಅಚ್ಚಾಯಿತು. ಇಸವಿಯ ಮೇಲ್ಗಡೆ ಇರುವ ‘ಐ’ ಎಂಬ ಇಂಗ್ಲಿಷ್ ಅಕ್ಷರವೇ ಅದರ ಗುರುತು. ಚಿನಿವಾರರು ಇಂದಿಗೂ ಎಂಟು ಗ್ರಾಮನ್ನು ಸವರನ್ ಎನ್ನುವುದಕ್ಕೆ ಈ ನಾಣ್ಯದ 7.988 ಗ್ರಾಮ್ ತೂಕವೇ ಕಾರಣ.

ಸಂಗ್ರಹಕಾರನು ಕೊಂಡಿ ಬೆಸೆದ ನಾಣ್ಯವನ್ನು ಕುಂದುಳ್ಳದ್ದೆಂದು ಎಣಿಸುವನು. ಅಂಗಡಿಯವನು ತೂಕವನ್ನಷ್ಟೇ ನೋಡುವನು. ಇಬ್ಬರ ದೃಷ್ಟಿಯೂ ಅಪೂರ್ಣ. ಕೊಂಡಿಯೂ ಇತಿಹಾಸವೇ: ವಿದೇಶದ ಹಣವು ಈ ನೆಲದ ಹೆಣ್ಣಿನ ಸ್ತ್ರೀಧನವಾದುದಕ್ಕೆ ಅದೇ ಸಾಕ್ಷಿ. ನೂರು ವರ್ಷ ಮೀರಿದ ನಾಣ್ಯವು 1972ರ ಕಾನೂನಿನ ಪ್ರಕಾರ ಪುರಾವಸ್ತುವೆನಿಸುವುದು. ಅದನ್ನು ಖಾಸಗಿಯಾಗಿ ಪರದೇಶಕ್ಕೆ ಸಾಗಿಸಕೂಡದು. ಆದರೆ ಮನೆಯ ಮೂಸೆಯಿಂದ ಅದನ್ನು ಕಾಯುವವರು ಮನೆಯವರೇ. ಮದುವೆಗೆಂದು ಹಳೆಯ ಕಾಸಿನ ಸರವನ್ನು ಕರಗಿಸಲು ಕೊಡುವ ಮುನ್ನ ಒಂದೊಂದು ಕಾಸಿನ ಇಸವಿ, ತೂಕ, ಅದು ಯಾರಿಂದ ಬಂದಿತೆಂಬುದು, ಇಷ್ಟನ್ನು ಬರೆದಿಡುವುದು ಗೃಹಸ್ಥರಿಗೆ ಭಾರವಲ್ಲ. ಕರಗಿದ ಚಿನ್ನವು ಚಿನ್ನವಾಗಿಯೇ ಉಳಿಯುವುದು. ಅದರ ಮೇಲಿದ್ದ ಮಾತು ಮಾತ್ರ ಮತ್ತೆ ಬಾರದು.