ಇಳಿಜಾರಿನ ಹಸುವೂ ಹೊಟ್ಟೆ ಓದುವ ವಿದ್ಯೆಯೂ

ಗುಡ್ಡ ಹತ್ತುವಾಗ ಸರಾಗವಾಗಿ ನಡೆದ ಹಸು ಇಳಿಯುವಾಗ ಮಾತ್ರ ನಿಂತುಬಿಟ್ಟರೆ ಪಶುವೈದ್ಯರಿಗೆ ಬರುವ ಅನುಮಾನ ತಂತಿಯದು. ಮೇವಿನ ಜೊತೆ ಒಳಹೋದ ತಂತಿ ಚೂರು ಎರಡನೇ ಹೊಟ್ಟೆಯಾದ ರೆಟಿಕ್ಯುಲಮ್‌ನಲ್ಲಿ ಕೂರುತ್ತದೆ. ಇಳಿಜಾರಿನಲ್ಲಿ ಹೊಟ್ಟೆಯ ಭಾರವೆಲ್ಲ ಮುಂದಕ್ಕೆ ಬಂದಾಗ ಚುಚ್ಚುತ್ತದೆ. ಬೆನ್ನು ಬಾಗುತ್ತದೆ, ಮೊಣಕೈ ಹೊರಚಾಚುತ್ತದೆ, ಹಾಲು ಕಡಿಮೆಯಾಗುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ವಪೆಯ ತೆಳು ಗೋಡೆ ಅಷ್ಟೇ. ತಂತಿ ಅದನ್ನು ದಾಟಿದರೆ ಹಸು ಉಳಿಯುವುದು ಕಷ್ಟ. ತೋಟಕ್ಕೆ ಮುಳ್ಳುತಂತಿ, ಆನೆಗೆ ಸೋಲಾರ್ ತಂತಿ ಎಳೆದಿರುವ ಸಕಲೇಶಪುರ, ಆಲೂರಿನ ಬೆಟ್ಟಗಳಲ್ಲಿ ಇದು ದೂರದ ಊರಿನ ಕಾಯಿಲೆಯಲ್ಲ.

ಎದೆಮೂಳೆಯ ಹಿಂದೆ ಅಡ್ಡಲಾಗಿ ಕೋಲಿಟ್ಟು ಇಬ್ಬರು ಎತ್ತುವುದು, ಹಸು ನರಳುತ್ತದೆಯೇ ಎಂದು ಕೇಳುವುದು: ಹಳೆಯ ಪರೀಕ್ಷೆ ಇಷ್ಟೇ. ಒಳಗಿನದನ್ನು ಕಣ್ಣಿಂದಲೇ ನೋಡುವ ದಾರಿ ತೆರೆದದ್ದು 1895ರ ನವೆಂಬರಿನಲ್ಲಿ, ಜರ್ಮನಿಯ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದಾಗ. ಮರುವರ್ಷವೇ ಬರ್ಲಿನ್ನಿನಲ್ಲಿ ಏಬರ್ಲೈನ್, ಲಂಡನ್ನಿನಲ್ಲಿ ಹಾಬ್‌ಡೇ ಅದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿದರು. ಆದರೆ ಆಗ ಸಿಕ್ಕಿದ್ದು ಕಾಲು, ಗೊರಸು. ಮೂಳೆ ತಾನಾಗಿ ಎದ್ದು ಕಾಣುತ್ತದೆ. ಹೊಟ್ಟೆಯೊಳಗಿನ ಯಕೃತ್ತು, ಗುಲ್ಮ, ಕರುಳು, ಮೂತ್ರಕೋಶ ಹೆಚ್ಚುಕಡಿಮೆ ಒಂದೇ ಬೂದುಬಣ್ಣದವು.

ಅವನ್ನು ಬೇರ್ಪಡಿಸಿ ಓದುವ ಪಾಠ ಬೆಳೆದದ್ದು ಕಿರಣ ಸುಲಭವಾಗಿ ದಾಟುವ ಸಣ್ಣ ಮೈಯ ನಾಯಿಯ ಮೇಲೆ. ಅಮೆರಿಕದಲ್ಲಿ ಷ್ನೆಲ್ಲೆ ನಾಯಿಗಳ ಎಕ್ಸ್-ರೇ ಕುರಿತು ಪುಸ್ತಕ ತಂದದ್ದು 1945ರಲ್ಲಿ. ವಿದ್ಯಾರ್ಥಿ ಇಂದಿಗೂ ಮೊದಲು ಕಲಿಯುವುದು ಐದು ಛಾಯೆಗಳನ್ನು: ಗಾಳಿ, ಕೊಬ್ಬು, ನೀರು ಅಥವಾ ಮಾಂಸ, ಮೂಳೆ, ಲೋಹ. ಅಂಗಗಳ ಅಂಚನ್ನು ತೋರಿಸಿಕೊಡುವುದು ಕೊಬ್ಬು. ತೀರಾ ಬಡಕಲು ನಾಯಿಯ ಹೊಟ್ಟೆ ಓದಲಾಗದೆ ಹೊಸಬರು ತಬ್ಬಿಬ್ಬಾಗುವುದು ಅದಕ್ಕೇ. ಆಮೇಲೆ ಅಳತೆ. ನಾಯಿಯ ಮೂತ್ರಪಿಂಡ ಸೊಂಟದ ಎರಡನೇ ಕಶೇರುಕದ ಎರಡೂವರೆಯಿಂದ ಮೂರೂವರೆ ಪಟ್ಟು ಉದ್ದವಿರಬೇಕು. ಗಬ್ಬದ ನಾಯಿಯಲ್ಲಿ ಮರಿಗಳ ಮೂಳೆ ಕಾಣುವುದು ಸುಮಾರು 45 ದಿನ ಕಳೆದ ಮೇಲೆ. ಜಠರ ಉಬ್ಬಿ ತಿರುಚಿಕೊಂಡಿದೆಯೇ ಎಂದು ತಿಳಿಯಲು ನಾಯಿಯನ್ನು ಬಲಮಗ್ಗುಲಿಗೆ ಮಲಗಿಸಿಯೇ ಚಿತ್ರ ತೆಗೆಯಬೇಕು. ಮಗ್ಗುಲು ಬದಲಾದರೆ ಗಾಳಿ ಜಾಗ ಬದಲಿಸಿ ರೋಗ ಮರೆಯಾದೀತು.

ಕರ್ನಾಟಕದಲ್ಲಿ ಈ ಪಾಠಕ್ಕೆ ನೆಲೆ ಸಿಕ್ಕಿದ್ದು 1958ರಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಶುರುವಾದ ಮೇಲೆ. ಮಲೆನಾಡಿನ ಹತ್ತಿರಕ್ಕೆ ಅದು ಬಂದದ್ದು 2007ರಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಡಿ ಹಾಸನದ ಪಶುವೈದ್ಯಕೀಯ ಕಾಲೇಜು ಆರಂಭವಾದಾಗ. ಸಕಲೇಶಪುರದಿಂದ ಹಾಸನ ಸುಮಾರು 40 ಕಿ.ಮೀ.; ಆಲೂರು ಇನ್ನೂ ಹತ್ತಿರ. ನಮ್ಮ ದೇಶದ ಕಾಲೇಜುಗಳಲ್ಲಿ ಶಸ್ತ್ರಚಿಕಿತ್ಸೆಯೂ ಕ್ಷ-ಕಿರಣ ಶಾಸ್ತ್ರವೂ ಒಂದೇ ವಿಭಾಗ. ಎಕ್ಸ್-ರೇ ಅದರಲ್ಲಿ ಕಿರಿಯ ಪಾಲುದಾರ ಎಂಬ ಕೊರಗು ಇದ್ದೇ ಇದೆ. ಆದರೂ ಈ ಕೂಡುವಾಸದಿಂದ ದೊಡ್ಡ ಲಾಭವಿದೆ: ಬೆಳಿಗ್ಗೆ ಫಿಲ್ಮಿನಲ್ಲಿ ಗೆರೆಯಾಗಿ ಕಂಡ ತಂತಿಯನ್ನು ಅದೇ ವಿದ್ಯಾರ್ಥಿ ಮಧ್ಯಾಹ್ನ ಹಸುವಿನ ಹೊಟ್ಟೆಗೆ ಕೈಹಾಕಿ ಹೊರತೆಗೆಯಬಹುದು. ಕಂಡದ್ದು ಸರಿಯೋ ತಪ್ಪೋ ಎಂದು ಕೈಯೇ ಹೇಳುವಾಗ ಆಗುವ ಕಲಿಕೆಯನ್ನು ಯಾವ ಪುಸ್ತಕವೂ ಕೊಡದು.

ಹಸುವಿನ ಇಡೀ ಹೊಟ್ಟೆಯನ್ನು ಎಕ್ಸ್-ರೇ ದಾಟದು. ಶಕ್ತಿಯುತ ಯಂತ್ರವಿದ್ದರೆ ಮುಂಭಾಗದ ರೆಟಿಕ್ಯುಲಮ್ ಸಿಗುತ್ತದೆ. ಕೊಟ್ಟಿಗೆಗೆ ಒಯ್ಯುವ ಚಿಕ್ಕ ಯಂತ್ರಕ್ಕೆ ಅದೂ ದಕ್ಕದು. ಮಿಶ್ರತಳಿಯ ಭಾರಿ ಹಸುವಿಗಿಂತ ಒಂದು ಮೀಟರಿನೊಳಗಿನ ಎತ್ತರದ ಮಲೆನಾಡು ಗಿಡ್ಡ ಈ ವಿಷಯದಲ್ಲಿ ಸುಲಭ. ಮೈ ಸಣ್ಣದಾದಷ್ಟೂ ಕಿರಣಕ್ಕೆ ದಾರಿ ಸಲೀಸು. ಕೊಟ್ಟಿಗೆಯಲ್ಲಿ ಈ ಕೊರತೆ ತುಂಬಿದ್ದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಜ್ಯೂರಿಕ್‌ನ ಉಯೆಲಿ ಬ್ರೌನ್ 1990ರ ದಶಕದಲ್ಲಿ ಆರೋಗ್ಯವಂತ ಹಸುವಿನ ರೆಟಿಕ್ಯುಲಮ್ ಅಲ್ಟ್ರಾಸೌಂಡ್‌ನಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ವಿವರವಾಗಿ ದಾಖಲಿಸಿದರು. ಅದು ಸುಮಾರು ನಿಮಿಷಕ್ಕೊಮ್ಮೆ ಎರಡು ಹಂತದಲ್ಲಿ ಸಂಕುಚಿಸುತ್ತದೆ. ಕೀವು ಅಂಟಿದ್ದರೆ ಚಲನೆ ಮಂದವಾಗುತ್ತದೆ. ತಂತಿಯನ್ನೇ ನೋಡಬೇಕೆಂದರೆ ಎಕ್ಸ್-ರೇ, ಅದು ಮಾಡಿದ ಹಾನಿ ಅಳೆಯಲು ಸ್ಕ್ಯಾನಿಂಗ್. ಬೆಟ್ಟದ ಆಸ್ಪತ್ರೆಗಳ ವೈದ್ಯರಿಗೆ ಮೊದಲು ಸ್ಕ್ಯಾನಿಂಗ್ ಯಂತ್ರ ಮತ್ತು ಅದನ್ನು ಓದುವ ತರಬೇತಿ ದೊರೆಯಬೇಕು. ಅಲ್ಲಿಂದ ಖಚಿತ ಪ್ರಶ್ನೆಯೊಡನೆ ಹೊರಟ ಹಸುವಿಗೆ ಹಾಸನದ ಪ್ರಯಾಣ ವ್ಯರ್ಥವಾಗುವುದಿಲ್ಲ.

ಈ ಸೀಮೆಯಲ್ಲಿ ಇನ್ನೊಂದು ದೊಡ್ಡ ಹೊಟ್ಟೆಯೂ ಇದೆ, ಆನೆಯದು. ಆಲೂರು–ಸಕಲೇಶಪುರ ಭಾಗದಿಂದ 2014ರ ಹೊತ್ತಿಗೆ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಬೆಳೆದ ಆನೆಯ ಹೊಟ್ಟೆಯನ್ನು ಎಕ್ಸ್-ರೇ ದಾಟುವುದಿಲ್ಲ. ಗುದದ್ವಾರದ ಮೂಲಕ ಸ್ಕ್ಯಾನ್ ಮಾಡಿ ಗರ್ಭಕೋಶ ನೋಡುವ ವಿಧಾನವನ್ನು ಬರ್ಲಿನ್ನಿನ ಹಿಲ್ಡೆಬ್ರಾಂಟ್ ತಂಡ ಬೆಳೆಸಿದೆ; ಜಠರದ ತೊಂದರೆಗೆ ಮಾತ್ರ ಲದ್ದಿ, ರಕ್ತಪರೀಕ್ಷೆ, ಮಾವುತನ ಮಾತು ಇವೇ ವೈದ್ಯರ ಕೈಗೆ ಸಿಗುವ ಸುಳಿವುಗಳು.