ಒನಕೆಯ ಎತ್ತರ

ಒರಳು ಅದೇ ಇರಲಿ, ಒನಕೆಯನ್ನು ಇನ್ನೊಂದು ಗೇಣು ಮೇಲೆತ್ತಿ ಕುಟ್ಟಿದರೆ ಏಟು ಜೋರಾಗುತ್ತದೆ. ಭತ್ತ ಕುಟ್ಟಿದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಮೆರಿಕದ ಕಾರು ಹುಚ್ಚಿನವರು ‘ಸ್ಟ್ರೋಕರ್’ ಎಂದು ಕರೆಯುವ ಇಂಜಿನ್ನಿನ ಗುಟ್ಟೂ ಹೆಚ್ಚುಕಡಿಮೆ ಇಷ್ಟೇ ಎಂದು ನನಗೆ ತಿಳಿದದ್ದು ತಂಗಿಯ ಮಗಳಿಂದ.

ಅವಳಿರುವುದು ಲಾಸ್ ಏಂಜಲೀಸಿನ ಹತ್ತಿರ. 1972ರ ಷೆವ್ರೊಲೆ ನೋವಾ ಕಾರೊಂದನ್ನು ಕೊಂಡು, ಅದರ ಇಂಜಿನ್ನನ್ನು ಬಿಚ್ಚಿ ಹೊಸದಾಗಿ ಕಟ್ಟಲೆಂದು ಮೂರು ವರ್ಷ ಹಣ ಕೂಡಿಟ್ಟಿದ್ದಳು. “ಆ ದುಡ್ಡಿನಲ್ಲಿ ಎರಡೆಳೆ ಸರ ಮಾಡಿಸಿಕೊಳ್ಳಬಾರದೇನೇ?” ಎಂದು ತಂಗಿ ಫೋನಿನಲ್ಲಿ ಅತ್ತಳು. ನಾನು ಎರಡು ತಿಂಗಳ ಮಟ್ಟಿಗೆ ಅಲ್ಲಿಗೆ ಹೊರಟಾಗ ಬುದ್ಧಿ ಹೇಳುವ ಹೊಣೆ ನನ್ನ ತಲೆಗೆ ಬಂತು. ಹೇಳುವ ಮೊದಲು ವಿಷಯವಾದರೂ ಗೊತ್ತಿರಬೇಡವೇ?

ಸಿಲಿಂಡರಿನ ಅಗಲ ಬೋರ್. ನಮ್ಮೂರ ಮೆಕ್ಯಾನಿಕ್ಕುಗಳು ಸ್ಕೂಟರಿಗೆ “ಬೋರ್ ಮಾಡಿಸಬೇಕು” ಎನ್ನುವುದು ಇದನ್ನೇ. ಪಿಸ್ಟನ್ ಮೇಲಿಂದ ಕೆಳಗೆ ಓಡಾಡುವ ದೂರ ಸ್ಟ್ರೋಕ್. ಅದನ್ನು ನಿರ್ಧರಿಸುವುದು ಕೆಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್. ದೂರ ಹೆಚ್ಚಿದರೆ ಒಳಗೆ ಬರುವ ಗಾಳಿ, ಪೆಟ್ರೋಲು ಹೆಚ್ಚು. ಹೊರಗಿನ ಬ್ಲಾಕು ಮಾತ್ರ ಇದ್ದಷ್ಟೇ.

ಫೋರ್ಡ್ ಕಂಪನಿ 1932ರಲ್ಲಿ ಸಾಮಾನ್ಯರ ಕೈಗೆಟುಕುವ ಬೆಲೆಗೆ ವಿ-8 ಇಂಜಿನ್ ಕೊಟ್ಟಿತು. ಅಳತೆ 221 ಘನ ಇಂಚು, ಶಕ್ತಿ 65 ಕುದುರೆ. ಕ್ಯಾಲಿಫೋರ್ನಿಯಾದ ಹುಡುಗರು ಗುಜರಿಯಿಂದ ಅದನ್ನು ತಂದು, ಮೊಹಾವಿ ಮರುಭೂಮಿಯ ಒಣಕೆರೆಗಳಲ್ಲಿ ಓಡಿಸಿ ವೇಗ ಅಳೆದರು. 1949ರ ಮರ್ಕ್ಯುರಿ ಕಾರಿಗೆ ನಾಲ್ಕು ಇಂಚು ಸ್ಟ್ರೋಕಿನ ಕ್ರ್ಯಾಂಕ್ ಬಂದದ್ದೇ ತಡ, ಅದು ಫೋರ್ಡಿನ ಹೊಟ್ಟೆಯೊಳಗೂ ಸೇರಿತು. ಅದೂ ಸಾಲದವರು ಕ್ರ್ಯಾಂಕಿನ ಪಿನ್ನನ್ನು ನಡುವಿನಿಂದ ಕೊಂಚ ಸರಿಸಿ ಸಾಣೆ ಹಿಡಿಸಿ ಇನ್ನೂ ಎಂಟನೇ ಒಂದು ಇಂಚು ಗಿಟ್ಟಿಸಿಕೊಂಡರು.

ಹುಡುಗರು ಎಂದೆ. ಆದರೆ ಆ ಒಣಕೆರೆಗಳಲ್ಲಿ ವೇಡಾ ಆರ್ ಎಂಬ ಹೆಂಗಸೂ ಸ್ಟಿಯರಿಂಗ್ ಹಿಡಿದಿದ್ದರು. ಎರಡನೇ ಮಹಾಯುದ್ಧಕ್ಕೆ ಹುಡುಗರೆಲ್ಲ ಹೋದಾಗ ಅವರ ಸಂಘದ ಸುದ್ದಿಪತ್ರವನ್ನು ನಡೆಸಿ, ದೂರದ ಸೈನಿಕರಿಗೆ ಅಂಚೆಯಲ್ಲಿ ಕಳಿಸಿದ್ದೂ ಈಕೆಯೇ. ತಂಗಿಗೆ ಇದನ್ನು ಹೇಳಿದರೆ, “ಅವರ ಅಮ್ಮನನ್ನು ಯಾರಾದರೂ ಕೇಳಿದರೇನು?” ಎಂದಳು. ಉತ್ತರ ನನ್ನಲ್ಲಿರಲಿಲ್ಲ.

ನನ್ನ ಹುಡುಗಿಯ ಇಂಜಿನ್ನಿನ ವಂಶ ಬೇರೆ. ಷೆವ್ರೊಲೆಯ ‘ಸ್ಮಾಲ್ ಬ್ಲಾಕ್’ 1955ರಲ್ಲಿ ಹುಟ್ಟಿತು. 1967ರಲ್ಲಿ ಅದರ 350 ಘನ ಇಂಚಿನ ರೂಪ ಬಂತು, 1970ರಲ್ಲಿ 400ರದು. 350ರ ಸ್ಟ್ರೋಕ್ 3.48 ಇಂಚು, 400ರದು 3.75. ದೊಡ್ಡಣ್ಣನ ಕ್ರ್ಯಾಂಕನ್ನು ತಮ್ಮನಿಗೆ ಹಾಕಿದರೇನು ಎಂದು ಯಾರಿಗೋ ಹೊಳೆಯಿತು. ಅದನ್ನು ಹೊತ್ತು ನಿಲ್ಲುವ ಜರ್ನಲ್ಲುಗಳು ಮಾತ್ರ ದಪ್ಪ. ಲೇತಿಗೆ ಹಾಕಿ 2.65 ಇಂಚಿನಿಂದ 2.45ಕ್ಕೆ ಇಳಿಸಿದರು. ಸಿಲಿಂಡರನ್ನು 0.030 ಇಂಚು ಹೆಚ್ಚು ಬೋರ್ ಮಾಡಿದರು. ಗುಣಿಸಿದರೆ ಬರುವ ಲೆಕ್ಕ 383. ಈಗ ಇದಕ್ಕೆಂದೇ ಹೊಸ ಕ್ರ್ಯಾಂಕುಗಳು ಅಂಗಡಿಯಲ್ಲಿ ಸಿಗುತ್ತವೆ. ಗುಜರಿ ತಡಕುವ ಸುಖ ಹೋಯಿತು ಎಂದು ಹಳಬರು ಗೊಣಗುತ್ತಾರೆ.

ಇಷ್ಟು ಕೇಳಿದ ಮೇಲೆ, ಕೊಂಡು ತಂದು ಜೋಡಿಸುವುದೊಂದೇ ಬಾಕಿ ಎಂದುಕೊಂಡೆ. “ಅಲ್ಲ ದೊಡ್ಡಮ್ಮ, ಮೊದಲು ಇದು,” ಎಂದು ಅವಳು ಚೌಕುಳಿ ಪುಸ್ತಕವೊಂದನ್ನು ತೆರೆದಳು. ಸ್ಟ್ರೋಕ್ 0.27 ಇಂಚು ಹೆಚ್ಚಿದರೆ ಪಿಸ್ಟನ್ ಅದರರ್ಧದಷ್ಟು, ಸುಮಾರು ಮೂರೂವರೆ ಮಿಲಿಮೀಟರ್, ಬ್ಲಾಕಿನಿಂದ ಮೇಲೆ ತಲೆಹಾಕುತ್ತದೆ. ಆದ್ದರಿಂದ ಪಿನ್ನು ಅಷ್ಟೇ ಮೇಲಿರುವ ಬೇರೆ ಪಿಸ್ಟನ್ ಬೇಕು. ಹೆಚ್ಚಾದ ಗಾಳಿಯನ್ನು ಅದೇ ಪುಟ್ಟ ಜಾಗಕ್ಕೆ ಅದುಮುವುದರಿಂದ ಒತ್ತಡ ಏರುತ್ತದೆ. ಅಲ್ಲಿಯ ಬಂಕುಗಳ 91 ಆಕ್ಟೇನ್ ಪೆಟ್ರೋಲು ಅದನ್ನು ತಾಳಬೇಕು. ಒತ್ತಡ ಮಿತಿ ಮೀರಿದರೆ ಇಂಜಿನ್ ಕಟಕಟ ಬಡಿದು ಪಿಸ್ಟನ್ನೇ ಒಡೆದೀತು. ಹಾಗಾಗಿ ತಟ್ಟೆಯಂತೆ ನಡುವೆ ತಗ್ಗಾದ ಪಿಸ್ಟನ್ನು ಬರೆದುಕೊಂಡಿದ್ದಳು. ಹೆಚ್ಚಿದ ಎಳೆತಕ್ಕೆ ಕ್ಲಚ್, ಹಿಂದಿನ ಆಕ್ಸಲ್, ರೇಡಿಯೇಟರ್ ತಾಳಬೇಕು. ಪಟ್ಟಿಯ ಮೊದಲ ಸಾಲು ಯಾವುದೆಂದು ನೋಡಿದೆ. ಬ್ರೇಕು! ನನಗೆ ಅರ್ಧ ಸಮಾಧಾನವಾಯಿತು.

ದೊಡ್ಡ ಕ್ಯಾಮ್‌ಶಾಫ್ಟಿಗೆ ಅವಳೇ ಕಾಟು ಹೊಡೆದಿದ್ದಳು. ಅದು ಇಂಜಿನ್ ಬಹಳ ಜೋರಾಗಿ ತಿರುಗುವಾಗಲೇ ರಂಗಕ್ಕೆ ಬರುವುದಂತೆ. ದಿನಾ ಸಿಗ್ನಲ್ಲುಗಳಲ್ಲಿ ನಿಂತು ಹೊರಡುವ ಕಾರಿಗೆ ಬೇಕಾದದ್ದು ಕೆಳಗಿನ ವೇಗದ ಎಳೆತ. ಕೊನೆಗೆ ಕೂಡಿಸಿದ ಮೊತ್ತ ಕೂಡಿಟ್ಟ ಹಣಕ್ಕಿಂತ ಒಂದಿಷ್ಟು ಕಡಿಮೆಯೇ ಇತ್ತು. ಮದುವೆ ಮನೆಗೆ ಸಾಮಾನಿನ ಪಟ್ಟಿ ಬರೆದವಳು ನಾನು, ಬರಹದಲ್ಲಿ ಅಚ್ಚುಕಟ್ಟು ಗುರುತಿಸಬಲ್ಲೆ. ಅಂದು ರಾತ್ರಿ ತಂಗಿಗೆ ಫೋನು ಮಾಡಿ, “ನಾನೇನೂ ಹೇಳುವುದಿಲ್ಲ ಕಣೆ, ಬಿಡು,” ಎಂದೆ. ಅವಳು ಎರಡು ವಾರ ನನ್ನೊಡನೆ ಮಾತಾಡಲಿಲ್ಲ.

ನಾನು ಹೊರಡುವ ಹಿಂದಿನ ವಾರ ಹುಡುಗಿ ಹೊಸ ಕ್ರ್ಯಾಂಕನ್ನು ಬ್ಲಾಕಿನಲ್ಲಿ ಮಲಗಿಸಿ ಪರೀಕ್ಷೆ ನೋಡಿದಳು. ದೂರ ತಿರುಗುವ ರಾಡಿನ ಬೋಲ್ಟುಗಳು ಬ್ಲಾಕಿನ ಕೆಳಅಂಚಿಗೋ ಕ್ಯಾಮ್‌ಶಾಫ್ಟಿಗೋ ತಗಲುತ್ತವೆ. ಅಲ್ಲಿ ಕಬ್ಬಿಣ ಉಜ್ಜಿ ಜಾಗ ಮಾಡಬೇಕು. ಹೆಚ್ಚು ಉಜ್ಜಿದರೆ ಒಳಗಿನ ನೀರಿನ ದಾರಿಗೆ ತೂತು ಬಿದ್ದು ಬ್ಲಾಕು ಗುಜರಿಗೆ. ನಾನು ಟಾರ್ಚು ಹಿಡಿದೆ. ಅವಳು ಕ್ರ್ಯಾಂಕನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸುತ್ತ, ಒಂದೊಂದು ಸಂದಿಗೂ ಕಾಗದದ ಕ್ಲಿಪ್ಪಿನ ತಂತಿ ತೂರಿಸಿದಳು. ಏಳು ಕಡೆ ಸಲೀಸಾಗಿ ಹೋಯಿತು. ಎಂಟನೆಯದರಲ್ಲಿ ಸಿಕ್ಕಿಕೊಂಡಿತು. “ಇಲ್ಲಿ ಇನ್ನೊಂದು ಕೂದಲೆಳೆ, ದೊಡ್ಡಮ್ಮ,” ಎಂದು ಸೀಮೆಸುಣ್ಣದ ಗುರುತು ಹಾಕಿ, ಕ್ರ್ಯಾಂಕನ್ನು ಮತ್ತೆ ಹೊರಗೆ ತೆಗೆಯತೊಡಗಿದಳು.