ಆರೋಗ್ಯಪಚ್ಚೆಯ ಗುಟ್ಟು: ಕಾಣಿ ಜನ, ಕೊಯಮತ್ತೂರು ಮತ್ತು ಹೇಳುವ ಹಕ್ಕು

ಸಿಂಗಾನಲ್ಲೂರಿನಿಂದ ತಿರುಚ್ಚಿ ರಸ್ತೆಯಲ್ಲಿ ಕೊಯಮತ್ತೂರು ನಗರದ ಕಡೆಗೆ ಬಂದರೆ ರಾಮನಾಥಪುರದಲ್ಲಿ ಆರ್ಯ ವೈದ್ಯ ಫಾರ್ಮಸಿಯ ಚಿಕಿತ್ಸಾಲಯ ಸಿಗುತ್ತದೆ. 1943ರಲ್ಲಿ ಪಿ. ವಿ. ರಾಮ ವಾರಿಯರ್ ಸ್ಥಾಪಿಸಿದ ಈ ಸಂಸ್ಥೆಯ ಹೆಸರು ಜೀವವೈವಿಧ್ಯ ಕಾನೂನಿನ ಚರ್ಚೆಗಳಲ್ಲಿ ಇಂದಿಗೂ ಉಲ್ಲೇಖವಾಗುವುದು ಒಂದು ಚಿಕ್ಕ ಕಾಡುಗಿಡದ ಕಾರಣದಿಂದ. ಮಲಯಾಳದಲ್ಲಿ ಅದು ಆರೋಗ್ಯಪಚ್ಚ. ನಮ್ಮ ಕಿವಿಗೆ ಆರೋಗ್ಯಪಚ್ಚೆ. ಸಸ್ಯಶಾಸ್ತ್ರದಲ್ಲಿ ಟ್ರೈಕೋಪಸ್ ಝೈಲಾನಿಕಸ್. ಅದರ ಗುಣವನ್ನು ಬಲ್ಲವರು ಅಗಸ್ತ್ಯಮಲೆಯ ಕಾಣಿ ಜನ.

1987ರ ಡಿಸೆಂಬರಿನಲ್ಲಿ ಬುಡಕಟ್ಟುಗಳ ಸಸ್ಯಜ್ಞಾನವನ್ನು ದಾಖಲಿಸುತ್ತಿದ್ದ ಅಖಿಲ ಭಾರತ ಯೋಜನೆಯೊಂದರ ತಂಡ ಪಿ. ಪುಷ್ಪಾಂಗದನ್ ಅವರ ನೇತೃತ್ವದಲ್ಲಿ ಆ ಕಾಡನ್ನು ಹೊಕ್ಕಿತು. ದಾರಿ ತೋರುತ್ತಿದ್ದ ಕಾಣಿಗಳು ಯಾವುದೋ ಸಣ್ಣ ಹಣ್ಣನ್ನು ಆಗಾಗ ತಿನ್ನುತ್ತ, ಬಳಲಿಕೆಯಿಲ್ಲದೆ ಬೆಟ್ಟ ಏರುತ್ತಿದ್ದರು. ದಣಿದ ವಿಜ್ಞಾನಿಗಳಿಗೂ ಕೊಟ್ಟರು, ಅವರಿಗೂ ದಣಿವಾರಿತು. ಗಿಡ ಯಾವುದೆಂದು ಕೇಳಿದಾಗ ಮಾತ್ರ ಹಿಂಜರಿದರು. ಅದು ಕುಲದ ಗುಟ್ಟು, ಹೊರಗಿನವರಿಗೆ ಹೇಳತಕ್ಕದ್ದಲ್ಲ. ಸಾಕಷ್ಟು ಒಲಿಸಿಕೊಂಡ ಮೇಲೆಯೇ ತೋರಿಸಿದರು. ಈ ಹಿಂಜರಿಕೆಯನ್ನು ಹೆಚ್ಚಿನ ಬರಹಗಳು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ. ನನಗೆ ಮುಂದಿನ ವಿವಾದಗಳ ಬೀಜವೆಲ್ಲ ಅದರಲ್ಲಿಯೇ ಕಾಣುತ್ತದೆ.

ಏಕೆಂದರೆ ಕಾಣಿಗಳಲ್ಲಿ ಔಷಧದ ಅರಿವು ಎಲ್ಲರೂ ಆಡಬಹುದಾದ ಮಾತಲ್ಲ. ಪ್ಲಾತ್ತಿ ಎಂಬ ಕುಲವೈದ್ಯರು ಅದರ ವಾರಸುದಾರರು. ದಾರಿಯಲ್ಲಿ ಗುಟ್ಟು ಬಿಟ್ಟುಕೊಟ್ಟವರು ಆ ಸ್ಥಾನದವರಲ್ಲ. ಆದರೆ ಮಾತು ಒಮ್ಮೆ ಹೊರಬಿದ್ದಿತ್ತು. 1988ರಲ್ಲಿಯೇ ಅದು ಅಚ್ಚಿಗೆ ಬಂತು. ಅದೂ ಕೊಯಮತ್ತೂರಿನಿಂದ ಹೊರಡುತ್ತಿದ್ದ ‘ಏನ್ಶಿಯೆಂಟ್ ಸೈನ್ಸ್ ಆಫ್ ಲೈಫ್’ ಪತ್ರಿಕೆಯಲ್ಲಿ. ಲೇಖನದ ಶೀರ್ಷಿಕೆ ಈ ಗಿಡವನ್ನು ಕಾಣಿಗಳ ‘ಜಿನ್ಸೆಂಗ್’ ಎಂದು ಕರೆಯಿತು. ಚೀನಾ, ಕೊರಿಯಾಗಳ ಬೇರಿನ ಹೆಸರನ್ನು ಎರವಲು ತಂದರೆ ಮಾತ್ರ ಅಗಸ್ತ್ಯಮಲೆಯ ಗಿಡ ಲೋಕಕ್ಕೆ ಅರ್ಥವಾದೀತು ಎಂಬ ನಂಬಿಕೆ ಅದರ ಹಿಂದಿದೆ. ಭಾಷಾಂತರವನ್ನು ಅಭ್ಯಾಸ ಮಾಡುವವರಿಗೆ ಇದು ಹೊಸ ಸಂಗತಿಯಲ್ಲ.

ಪ್ರಯೋಗಶಾಲೆಯಲ್ಲಿ ಇನ್ನೊಂದು ಪಲ್ಲಟವಾಯಿತು. ಕಾಣಿಗಳು ತಿನ್ನುತ್ತಿದ್ದದ್ದು ಹಣ್ಣನ್ನು. ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ಔಷಧಕ್ಕೆ ಆರಿಸಿಕೊಂಡದ್ದು ಎಲೆಯನ್ನು. ಎಲೆಗೆ ಅಶ್ವಗಂಧ, ಹಿಪ್ಪಲಿ, ವಿಷ್ಣುಕ್ರಾಂತಿ ಸೇರಿಸಿ ‘ಜೀವನಿ’ ಎಂಬ ಔಷಧ ಸಿದ್ಧವಾಯಿತು. 1995ರ ನವೆಂಬರಿನಲ್ಲಿ ಅದನ್ನು ತಯಾರಿಸುವ ಪರವಾನಗಿ ಏಳು ವರ್ಷಗಳ ಅವಧಿಗೆ ಆರ್ಯ ವೈದ್ಯ ಫಾರ್ಮಸಿಗೆ ದೊರೆಯಿತು. ಶುಲ್ಕ 10 ಲಕ್ಷ ರೂಪಾಯಿ, ಮಾರಾಟದ ಮೇಲೆ ಶೇಕಡಾ 2 ರಾಯಧನ. ಎರಡರಲ್ಲಿಯೂ ಅರ್ಧ ಪಾಲನ್ನು ಕಾಣಿಗಳಿಗೆ ಕೊಡುವುದೆಂದು ಸಂಶೋಧನಾ ಸಂಸ್ಥೆ ನಿರ್ಧರಿಸಿತು. ಭಾರತದಲ್ಲಿ ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಕಾನೂನಿನ ಒತ್ತಾಯವಿಲ್ಲದೆ ಹೀಗೆ ಪಾಲು ಮೀಸಲಿಟ್ಟದ್ದು ಸಣ್ಣ ಮಾತಲ್ಲ.

ಆದರೆ ಪಾಲನ್ನು ಯಾರ ಕೈಗೆ ಕೊಡುವುದು? ಪರವಾನಗಿ ಕೊಟ್ಟಾಗ ಕಾಣಿಗಳ ಪರವಾಗಿ ಹಣ ಪಡೆಯಬಲ್ಲ ಸಂಘಟನೆಯೇ ಇರಲಿಲ್ಲ. ಕೇರಳ ಕಾಣಿ ಸಮುದಾಯ ಕ್ಷೇಮ ಟ್ರಸ್ಟ್ ನೋಂದಣಿಯಾದದ್ದು 1997ರಲ್ಲಿ, ಸುಮಾರು 5.19 ಲಕ್ಷ ರೂಪಾಯಿ ಅದರ ಖಾತೆಗೆ ಸೇರಿದ್ದು 1999ರಲ್ಲಿ. ಗುಟ್ಟು ಹೊರಬಿದ್ದು ಅಷ್ಟರಲ್ಲಿ ಹನ್ನೊಂದು ವರ್ಷ ಕಳೆದಿತ್ತು. ಅದಕ್ಕೂ ಮುನ್ನ, 1995ರಲ್ಲಿಯೇ, ಕೆಲವು ಪ್ಲಾತ್ತಿಗಳು ತಮ್ಮ ಅರಿವನ್ನು ಖಾಸಗಿ ಕಂಪನಿಗೆ ಮಾರುವುದನ್ನು ವಿರೋಧಿಸಿ ರಾಜ್ಯ ಸರ್ಕಾರಕ್ಕೆ ಪತ್ರ ಬರೆದಿದ್ದರು. ಟ್ರಸ್ಟ್ ಗಟ್ಟಿಯಾದದ್ದು ದಾರಿ ತೋರಿದವರ ಕುಟ್ಟಿಚ್ಚಲ್ ಭಾಗದಲ್ಲಿ. ಬೇರೆ ಪಂಚಾಯತುಗಳ ಕಾಣಿಗಳು ದೂರವೇ ಉಳಿದರು. ಈ ಪ್ರಕರಣವನ್ನು ಲಾಭ ಹಂಚಿಕೆಯ ಆದರ್ಶವೆಂದು ಕೊಂಡಾಡುವವರು ಪ್ಲಾತ್ತಿಗಳ ಪತ್ರವನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸರಿಕಾಣುವುದಿಲ್ಲ. ಅವರು ಕೇಳಿದ್ದು ಹೆಚ್ಚಿನ ಪಾಲನ್ನಲ್ಲ. ಹೇಳುವ ಹಕ್ಕು ಯಾರದು ಎಂಬುದನ್ನು.

ಎಲೆಯ ಪಾಡು ಬೇರೆ. ಕೆಲವು ಕಾಣಿ ಕುಟುಂಬಗಳು ಗಿಡವನ್ನು ಬೆಳೆಸಿ ಎಲೆ ಮಾರಿದವು. ಅರಣ್ಯ ಇಲಾಖೆ ಅದಕ್ಕೆ ಆಕ್ಷೇಪವೆತ್ತಿತು. ಅರಿವಿಗೆ ಬೆಲೆ ಕಟ್ಟಿದ ವ್ಯವಸ್ಥೆಯಲ್ಲಿ ಅರಿತವರಿಗೆ ಗಿಡದ ಮೇಲೆ ಅಧಿಕಾರವಿರಲಿಲ್ಲ.

ಅರಣ್ಯವಾಸಿಗಳ ಸಾಂಪ್ರದಾಯಿಕ ಅರಿವಿನ ಮೇಲೆ ಸಮುದಾಯದ ಹಕ್ಕನ್ನು ಹೆಸರಿಸಿದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಅದರಡಿ 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವ ಸಾಮುದಾಯಿಕ ಹಕ್ಕು ಸಿಕ್ಕಿತು. ಆ ಬೆಟ್ಟಗಳಿಗೆ ಹೊಂದಿಕೊಂಡ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇತ್ತು. ಸೋಲಿಗರು ಅಗೆದು ತರುವ ಮಾಗಳಿ ಬೇರು ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಯಾಗುತ್ತದೆ. ಅದರ ಔಷಧಗುಣವನ್ನು ಸೋಲಿಗನುಡಿಯಲ್ಲಿ ಹೇಳಬಲ್ಲ ಹಿರಿಯರು ಪೋಡುಗಳಲ್ಲಿ ಇನ್ನೂ ಇದ್ದಾರೆ.